ಗಾಂಧಾರದ ಮೇಲಿನ ನೇವಿ ಪಟ್ಟಿ

ನಮ್ಮ ದಾವಣಗೆರೆ ಕಡೆ ಯಾರಾದರೂ ಬಿಡದೆ ಕೊರೆಯುತ್ತಿದ್ದರೆ, ‘ಸಾಕು ನಿಲ್ಸಪ್ಪ, ಎಷ್ಟು ಪಿಟೀಲು ಕುಯ್ತಿ’ ಎನ್ನುತ್ತಾರೆ. ಐವತ್ತೆರಡನೆಯ ವಯಸ್ಸಿನಲ್ಲಿ ನಾನು ನಿಜವಾಗಿಯೇ ಪಿಟೀಲು ಕುಯ್ಯಲು ಕುಳಿತೆ. ಸೂರತ್ತಿನಲ್ಲಿ, ಮಿಲ್ಲುಗಳಿರುವ ಪಾಂಡೇಸರಾದಿಂದ ಹದಿನೈದು ನಿಮಿಷ ದೂರದ ಸೊಸೈಟಿಯೊಂದರ ಮೂರನೆಯ ಮಹಡಿಯಲ್ಲಿ, ಬೆಳಿಗ್ಗೆ ಆರೂವರೆಗೆ, ಕಿಟಕಿ ತೆರೆದಿಟ್ಟುಕೊಂಡು. ಕಿಟಕಿ ಮುಚ್ಚಿಕೊಳ್ಳಬಹುದಿತ್ತು. ಹೆಂಡತಿ ದಿನಾ ಹೇಳುತ್ತಿದ್ದಳು. ನಾನು ಮುಚ್ಚಲಿಲ್ಲ.

ಒಂದು ವಾರ ಕಳೆದ ಮೇಲೆ ಎರಡನೆಯ ಮಹಡಿಯ ಕಾಕಾ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿದರು. ನಿವೃತ್ತರು, ಒಳ್ಳೆಯವರು, ಚಳಿಗಾಲದಲ್ಲಿ ನಮ್ಮ ಮನೆಗೆ ಊಂಧಿಯು ಪಲ್ಯ ಕಳಿಸುವವರು. “ಮಾಸ್ಟರ್‌ಜೀ, ಬಾರಣಾಮಾಂ ತೇಲ್ ನಾಖೋ” ಎಂದರು. ಬಾಗಿಲಿಗೆ ಸ್ವಲ್ಪ ಎಣ್ಣೆ ಹಾಕಿ ಅಂತ. ಚೇಷ್ಟೆ ಇರಬೇಕೆಂದು ಮುಖ ನೋಡಿದೆ. ಇಲ್ಲ, ಮನುಷ್ಯ ನಿಜವಾಗಿಯೂ ಬಾಗಿಲೆಂದೇ ತಿಳಿದಿದ್ದರು. “ಕಾಕಾ, ಅದು ಬಾಗಿಲಲ್ಲ, ನಾನು” ಎಂದೆ. ಮರುದಿನ ನಾನು ಇನ್ನೊಂದು ಕಿಟಕಿಯನ್ನೂ ತೆರೆದೆ.

ಊರಿನಿಂದ ಅಕ್ಕ ಫೋನು ಮಾಡಿ, “ಅರವತ್ತಕ್ಕೆ ಅರಳು ಮರಳು ಅಂತಾರೆ, ನಿನಗೆ ಐವತ್ತಕ್ಕೇ ಬಂತೇನೋ?” ಎಂದಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುವ ಗಾದೆಯನ್ನು ಆ ದಿನಗಳಲ್ಲಿ ನಾನು ಕನಿಷ್ಠ ಹತ್ತು ಜನರ ಬಾಯಲ್ಲಿ ಕೇಳಿದೆ. ಹತ್ತೂ ಜನರಿಗೆ ಒಂದೇ ಉತ್ತರ ಕೊಟ್ಟೆ: ಬಗ್ಗದಿದ್ದರೆ ಮುರಿಯಲಿ, ನಿಮಗೇನು? ಅವರಿಗೆ ಗೊತ್ತಿಲ್ಲದ ಒಂದು ವಿಷಯವಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಇಪ್ಪತ್ತಾರು ವರ್ಷ ನಾನು ಬಣ್ಣದ ಮಿಲ್ಲಿನಲ್ಲಿ ಶೇಡ್ ಮಾಸ್ಟರ್ ಆಗಿದ್ದೆ. ಪಾರ್ಟಿ, ಎಂದರೆ ನಮ್ಮ ಗಿರಾಕಿ, ಅಂಗೈಯಗಲದ ಒಂದು ತುಂಡು ಬಟ್ಟೆ ಕಳಿಸುತ್ತಾನೆ. ಇದೇ ಬಣ್ಣ ಬೇಕು ಎನ್ನುತ್ತಾನೆ. ಜೆಟ್ ಮಷಿನ್ನು ಅನ್ನುವ ದೊಡ್ಡ ಮುಚ್ಚಿದ ಹಂಡೆಯೊಳಗೆ, ಕುದಿಯುವ ಬಣ್ಣದ ನೀರಿನಲ್ಲಿ, ಸಾವಿರಾರು ಮೀಟರ್ ಬಟ್ಟೆ ಸುತ್ತಿ ಸುತ್ತಿ ಬೇಯುತ್ತದೆ. ಬೆಂದಿತು ಅನ್ನಿಸಿದಾಗ ಆಪರೇಟರ್ ಒಂದು ತುಂಡು ಕತ್ತರಿಸಿ, ಒಣಗಿಸಿ, ನನ್ನ ಮುಂದೆ ತರುತ್ತಾನೆ. ನಾನು ಎರಡೂ ತುಂಡನ್ನು ಲೈಟ್ ಬಾಕ್ಸಿನ ಕೆಳಗೆ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಪಾಸ್ ಎಂದರೆ ಪಾಸ್. ‘ಸ್ವಲ್ಪ ಕೆಂಪು ಕಡೆಗಿದೆ’ ಎಂದರೆ ಮತ್ತೆ ಹಂಡೆಗೆ. ಮಿಲ್ಲಿನಲ್ಲಿ ಕಂಪ್ಯೂಟರ್ ಇತ್ತು, ಆದರೆ ಮಾಲೀಕರಾದ ಸೇಠ್ ಹೊಸ ಪಾರ್ಟಿಗಳನ್ನು ಕರೆತಂದಾಗ ಕಂಪ್ಯೂಟರ್ ತೋರಿಸುತ್ತಿರಲಿಲ್ಲ, ನನ್ನನ್ನು ತೋರಿಸುತ್ತಿದ್ದರು. ಈ ಕಣ್ಣಿಗೆ ಯಂತ್ರ ಸಮ ಇಲ್ಲ ಎನ್ನುತ್ತಿದ್ದರು. ನನಗೂ ಅದು ಹೌದೆನಿಸಿತ್ತು. ಜಂಬ ಬೇಕಾದಷ್ಟಿತ್ತು.

ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಕಣ್ಣಿನ ಅಂಚಿನಲ್ಲಿ ಏನೋ ಮಾಸಿದಂತೆ ಕಾಣತೊಡಗಿತು. ಸೂರತ್ತಿನಲ್ಲಿ ತೋರಿಸಿದರೆ ಮಿಲ್ಲಿಗೆ ಸುದ್ದಿ ಹೋದೀತೆಂದು, ಬಣ್ಣದ ಪುಡಿಯ ಸ್ಯಾಂಪಲ್ ತರುವ ನೆಪ ಹೇಳಿ ಅಹಮದಾಬಾದಿಗೆ ಹೋದೆ. ಡಾಕ್ಟರು ಅರ್ಧ ದಿನ ಪರೀಕ್ಷೆ ಮಾಡಿ, ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಒಣಗುತ್ತಿದೆ ಎಂದರು. ದಿನಕ್ಕೆ ಎರಡು ಬಾರಿ ಡ್ರಾಪ್ಸ್ ಹಾಕಿದರೆ ಉಳಿದದ್ದು ಉಳಿದೀತು, ಹೋದದ್ದು ಬರುವುದಿಲ್ಲ. ಕೊನೆಗೆ ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸಲು ಕೊಟ್ಟರು. ನಾನು ಚಕಚಕನೆ ಜೋಡಿಸಿದೆ. ಅವರು ನೋಡಿ, ನೀಲಿಯ ಕಡೆ ತುಂಬ ತಪ್ಪಿದೆ ಎಂದರು. ನಾನು ಇಪ್ಪತ್ತಾರು ವರ್ಷದ ಶೇಡ್ ಮಾಸ್ಟರ್ ಎಂದು ಅವರಿಗೆ ಹೇಳಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ವಾಪಸು ಬರುವ ರೈಲಿನಲ್ಲಿ ವಡೋದರಾ ದಾಟುವವರೆಗೂ ಎದುರಿನ ಹೆಂಗಸಿನ ಸೀರೆ ಹಸಿರೋ ನೀಲಿಯೋ ಎಂದು ನೋಡುತ್ತಲೇ ಇದ್ದೆ. ಆಕೆ ಸಿಟ್ಟಾಗಿ ಎದ್ದುಹೋಗಿ ಬೇರೆ ಕಡೆ ಕುಳಿತಳು.

ಡ್ರಾಪ್ಸ್ ಬಾಟಲಿ ನೋಡಿದ ಹೆಂಡತಿಗೆ ಮಿಲ್ಲಿನ ಧೂಳಿಗೆ ಅಲರ್ಜಿ ಎಂದೆ. ಅವಳು ನಂಬಿದಳು.

ಪಿಟೀಲಿನ ಯೋಚನೆ ಬಂದದ್ದು ಆಮೇಲೆ. ಭಾನುವಾರ ನಾವಿಬ್ಬರೂ ಉಡುಪಿ ಹೋಟೆಲೊಂದಕ್ಕೆ ಹೋಗುವ ರೂಢಿ. ಕುಂದಾಪುರದ ಕಡೆಯವರದು, ಕನ್ನಡ ಮಾತಾಡಬಹುದು ಅನ್ನುವುದಕ್ಕಾಗಿಯೇ ಹೋಗುತ್ತಿದ್ದೆವು. ಆ ಭಾನುವಾರ ಮೇಲಿನ ಕೋಣೆಯಿಂದ ಐದಾರು ಪಿಟೀಲುಗಳು ಒಟ್ಟಿಗೆ ಕಿರುಗುಟ್ಟುವುದು ಕೇಳಿಸಿತು. ಹೋಟೆಲಿನವರ ತಾಯಿ ಮಕ್ಕಳಿಗೆ ಪಾಠ ಮಾಡುತ್ತಾರಂತೆ. ಕಣ್ಣು ಬೇಡದ ಒಂದು ಕೆಲಸ ಜಗತ್ತಿನಲ್ಲಿ ಇದೆಯಲ್ಲ ಅನ್ನಿಸಿತು. ಮಸಾಲೆ ದೋಸೆಯನ್ನು ಅರ್ಧಕ್ಕೆ ಬಿಟ್ಟು ಮೆಟ್ಟಿಲು ಹತ್ತಿದೆ.

ಎಪ್ಪತ್ತು ದಾಟಿದ ಅಮ್ಮ, ಹತ್ತಿ ಸೀರೆ, ಕೈಯಲ್ಲಿ ಬೀಸಣಿಗೆ. ನನ್ನನ್ನು ನೋಡಿ, “ಮಗುವಿಗೆ ಎಷ್ಟು ಪ್ರಾಯ?” ಎಂದು ಕೇಳಿದರು.

“ಐವತ್ತೆರಡು” ಎಂದೆ.

ಅವರು ನಗಲಿಲ್ಲ. “ಹಾಗಾದ್ರೆ ನೆಲಕ್ಕೆ ಕೂರ್ಲಿಕ್ಕೆ ಆಗ್ತದಾ ಮಾರಾಯ್ರೆ? ಮಂಡಿ ಸರಿ ಉಂಟಾ?” ಎಂದರು. ಅಷ್ಟೇ ಪ್ರವೇಶ ಪರೀಕ್ಷೆ.

ಏಳೆಂಟು ವರ್ಷದ ಆರು ಮಕ್ಕಳ ನಡುವೆ ನಾನು ಕೂರತೊಡಗಿದೆ. ಪಿಟೀಲಿನ ತಲೆಯನ್ನು ಬಲಗಾಲಿನ ಹರಡಿನ ಮೇಲಿಟ್ಟು, ಬುಡವನ್ನು ಎದೆಗೆ ಒತ್ತಿ, ಸರಳೆ ವರಸೆ. ಮಾಯಾಮಾಳವಗೌಳ. ಸ ರಿ ಗ ಮ ಪ ದ ನಿ ಸ, ಸ ನಿ ದ ಪ ಮ ಗ ರಿ ಸ. ಪಿಟೀಲಿನ ಹಲಗೆ ಬೋಳು. ಸ್ವರ ಎಲ್ಲಿದೆ ಎಂದು ತೋರಿಸುವ ಒಂದು ಗೆರೆಯೂ ಇಲ್ಲ. ಬೆರಳು ಕೂದಲೆಳೆಯಷ್ಟು ಆಚೀಚೆಯಾದರೂ ಬೇರೆಯೇ ಸ್ವರ. ಅದರಲ್ಲೂ ಗಾಂಧಾರ ಮತ್ತು ಮಧ್ಯಮ ಒಂದಕ್ಕೊಂದು ಅಂಟಿಕೊಂಡ ಅಕ್ಕಪಕ್ಕದ ಮನೆಗಳು. ನನ್ನ ಬೆರಳು ಯಾವಾಗಲೂ ತಪ್ಪು ಬಾಗಿಲು ತಟ್ಟುತ್ತಿತ್ತು.

ಆ ಕ್ಲಾಸಿನಲ್ಲಿ ಒಂದು ಪದ್ಧತಿಯಿತ್ತು, ಬೇರೆಲ್ಲೂ ನಾನು ಕಂಡಿಲ್ಲ. ಸ್ವರ ತಪ್ಪಿದರೆ ಮೆಲ್ಲಗೆ ಬೆರಳು ಜಾರಿಸಿ ಸರಿಮಾಡಿಕೊಂಡು ಮುಂದೆ ಹೋಗುವಂತಿಲ್ಲ. ಬಿಲ್ಲು ಎತ್ತಬೇಕು, ‘ತಪ್ಪು ನಂದು’ ಎಂದು ಬಾಯಿಬಿಟ್ಟು ಹೇಳಬೇಕು, ಮತ್ತೆ ಸ ದಿಂದ ಶುರುಮಾಡಬೇಕು. ಇಲ್ಲೇ ಹುಟ್ಟಿ ಬೆಳೆದ ಆ ಮಕ್ಕಳಿಗೆ ಕನ್ನಡ ಅಷ್ಟಕ್ಕಷ್ಟೆ. ತಮ್ಮತಮ್ಮಲ್ಲಿ ಹಿಂದಿ, ಗುಜರಾತಿ. ಆದರೆ ‘ತಪ್ಪು ನಂದು’ ಮಾತ್ರ ಎಲ್ಲರ ಬಾಯಲ್ಲೂ ಸ್ಪಷ್ಟ. ಆಟದಂತೆ ಕೂಗಿ ಮತ್ತೆ ಶುರುಮಾಡುತ್ತಿದ್ದವು. ನನಗೆ ಅದು ಬರುತ್ತಿರಲಿಲ್ಲ. ತಂತಿ ಇಳಿದಿದೆ ಎನ್ನುತ್ತಿದ್ದೆ. ಬಿಲ್ಲಿಗೆ ರಾಳ ಸಾಲದು ಎನ್ನುತ್ತಿದ್ದೆ. ಒಂದು ದಿನ ಮಳೆಗಾಲದ ತೇವದ ಮೇಲೂ ಅಪವಾದ ಹೊರಿಸಿದೆ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದರು ಅಮ್ಮ. ಮಕ್ಕಳಿಗೆ ಗಾದೆ ಅರ್ಥವಾಗಲಿಲ್ಲ. ಆದರೂ ನನ್ನ ಮುಖ ನೋಡಿ ನಕ್ಕವು.

ಅದೇ ತಿಂಗಳು ನೇವಿ ಲಾಟು ಬಂತು.

ಶಾಲಾ ಸಮವಸ್ತ್ರದ ಪ್ಯಾಂಟಿನ ಬಟ್ಟೆ, ನೇವಿ ನೀಲಿ, ದೊಡ್ಡ ಆರ್ಡರು. ಜೆಟ್‌ನಲ್ಲಿ ಇದ್ದದ್ದು ಒಡಿಶಾದ ಆಪರೇಟರ್, ಹದಿನಾಲ್ಕು ವರ್ಷದಿಂದ ನನ್ನ ಕೈಕೆಳಗೆ ಕೆಲಸ ಮಾಡಿದವನು, ನಲವತ್ತರ ಆಸುಪಾಸಿನ ಮಿತಭಾಷಿ. ಎರಡನೆಯ ಹಂಡೆಯ ತುಂಡು ತಂದಿಟ್ಟು, “ಮಾಸ್ಟರ್‌ಜೀ, ಯೇ ಕಾಲಾ ಮಾರ್ ರಹಾ ಹೈ” ಎಂದ. ಕಪ್ಪಿಗೆ ತಿರುಗುತ್ತಿದೆ ಎಂದು. ನಾನು ನೋಡಿದೆ. ನನಗೆ ಎರಡೂ ಒಂದೇ. ಅವನು ಹೇಳಿದ್ದೇ ನನ್ನ ಮೈ ಉರಿಸಿತು. “ಇಲ್ಲಿ ಕಣ್ಣು ಯಾರದು? ನಿನ್ನದೋ ನನ್ನದೋ?” ಎಂದು ಎಲ್ಲರೆದುರು ಕೇಳಿ, ಪಾಸ್ ಎಂದು ಬರೆದೆ.

ಹದಿನೈದು ದಿನಕ್ಕೆ ಪಾರ್ಟಿ ಒಂದು ಪ್ಯಾಂಟನ್ನೇ ಹೊಲಿಸಿ ಕಳಿಸಿದ. ಸೇಠ್ ಅದನ್ನು ಮೇಜಿನ ಮೇಲೆ ಹಾಸಿದರು. ಮೊದಲ ಹಂಡೆಯ ಬಟ್ಟೆಯ ಕಾಲು ನೇವಿ, ಎರಡನೆಯದರ ಕಾಲು ಕಪ್ಪಂತೆ. ಅವರು ಹೇಳಿದ್ದರಿಂದ ಗೊತ್ತಾಯಿತು, ನನಗೆ ಆಗಲೂ ಕಾಣಲಿಲ್ಲ. ಸೇಠ್ ಇದು ಹೇಗೆ ಪಾಸಾಯಿತು ಎಂದು ಕೇಳಿದರು. ಬಾಯಿ ತೆರೆಯುವ ಮೊದಲು ಒಂದು ಕ್ಷಣ ಸಿಕ್ಕಿತ್ತು. ಆ ಕ್ಷಣದಲ್ಲಿ ನಾನು ಹೇಳಿದ ಮಾತು ಇದು: ನನಗೆ ತೋರಿಸಿದ ತುಂಡು ಸರಿಯಾಗಿತ್ತು, ಪಾಸಾದ ಮೇಲೆ ಆಪರೇಟರ್ ಹಂಡೆಯನ್ನು ಹೆಚ್ಚು ಹೊತ್ತು ಓಡಿಸಿದ್ದಾನೆ.

ಅಪ್ಪಟ ಸುಳ್ಳು. ಕಂಡವನ ತಲೆಯ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ ಎಂದು ನನಗೇ ಆಶ್ಚರ್ಯವಾಯಿತು. ಮರುದಿನದಿಂದ ಅವನನ್ನು ಜೆಟ್‌ನಿಂದ ತೆಗೆದು ಗ್ರೇ ಗೋಡೌನಿಗೆ ಹಾಕಿದರು. ಗ್ರೇ ಎಂದರೆ ಇನ್ನೂ ಬಣ್ಣ ಕಾಣದ ಬಿಳಿ ಬಟ್ಟೆ; ಅದರ ಸುರುಳಿಗಳು, ತಾಕಾಗಳು, ಅಲ್ಲಿ ಲಾರಿಯಿಂದ ಇಳಿಯುತ್ತವೆ. ಅವನ್ನು ಹೆಗಲ ಮೇಲೆ ಹೊತ್ತು ಒಟ್ಟುವ ಕೆಲಸ. ಹದಿನಾಲ್ಕು ವರ್ಷ ಮಷಿನ್ ನಡೆಸಿದವನು ಹಮಾಲಿಗೆ ಇಳಿದ. ಅವನು ನನ್ನ ಹತ್ತಿರ ಜಗಳಕ್ಕೆ ಬರಲಿಲ್ಲ. ಎದುರಾದಾಗ ದಾರಿ ಬಿಟ್ಟು ನಿಲ್ಲುತ್ತಿದ್ದ. ಜಗಳಕ್ಕೆ ಬಂದಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ.

ಲೈಟ್ ಬಾಕ್ಸಿನ ಟ್ಯೂಬುಗಳನ್ನೆಲ್ಲ ಹೊಸದು ಹಾಕಿಸಿದೆ. ಹೊಸ ಟ್ಯೂಬಿನ ಕೆಳಗೂ ನೇವಿ ಮತ್ತು ಕಪ್ಪು ಕೈಕೈ ಹಿಡಿದುಕೊಂಡೇ ನಿಂತಿದ್ದವು.

ಮನೆಯಲ್ಲಿ ಅಭ್ಯಾಸ ಮಾತ್ರ ಬಿಡಲಿಲ್ಲ. ಬಿಟ್ಟರೆ ಎಲ್ಲ ಮುಗಿಯಿತು ಅನ್ನಿಸುತ್ತಿತ್ತು. ವ್ಯಾಪಾರ ಡಲ್ ಎಂದು ಮಿಲ್ಲು ವಾರಕ್ಕೆ ಎರಡು ದಿನ ಬಂದ್ ಇತ್ತು. ಆ ದಿನಗಳಲ್ಲಿ ಎರಡು ಗಂಟೆ ಕುಯ್ದೆ. ಎಡಗೈ ಬೆರಳ ತುದಿಗಳು ಮೊದಲು ಉರಿದವು, ಆಮೇಲೆ ಕರಿಗಟ್ಟಿದವು. “ರೀ, ನಮ್ಮ ಮಿಕ್ಸಿ ಆದ್ರೂ ಎರಡು ನಿಮಿಷಕ್ಕೆ ನಿಲ್ತೈತಿ” ಎಂದಳು ಹೆಂಡತಿ. “ಅದಕ್ಕೆ ಚಟ್ನಿ ಆದ್ರ ಮುಗೀತು, ನಂದು ಇನ್ನೂ ಆಗಿಲ್ಲಲ್ಲ” ಎಂದೆ. ಆದರೆ ಗಾಂಧಾರ ಸಿಗುತ್ತಿರಲಿಲ್ಲ. ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಹಾಕಿಕೊಂಡು ಅದರ ಮುಳ್ಳು ನೋಡುತ್ತ ಬಾರಿಸಿದೆ. ಮುಳ್ಳು ನೋಡಿದರೆ ಬಿಲ್ಲು ತಪ್ಪುತ್ತಿತ್ತು, ಬಿಲ್ಲು ನೋಡಿದರೆ ಮುಳ್ಳು ತಪ್ಪುತ್ತಿತ್ತು.

ಆಗ ನನ್ನ ಕಸುಬಿನ ಬುದ್ಧಿ ಕೆಲಸ ಮಾಡಿತು. ಲ್ಯಾಬಿನಲ್ಲಿ ಬಿಸಾಕಿದ ಸ್ಯಾಂಪಲ್ ತುಂಡುಗಳ ಚೀಲವೊಂದು ಮನೆಯಲ್ಲಿತ್ತು. ಅದರಿಂದ ದಾರದಷ್ಟು ಸಣ್ಣ ಮೂರು ಪಟ್ಟಿ ಕತ್ತರಿಸಿ, ಫೋನಿನ ಮುಳ್ಳು ತೋರಿಸಿದ ಜಾಗಗಳಲ್ಲಿ ಹಲಗೆಯ ಮೇಲೆ ಗೋಂದಿನಿಂದ ಅಂಟಿಸಿದೆ. ರಿಷಭಕ್ಕೆ ಕೆಂಪು. ಗಾಂಧಾರಕ್ಕೆ ಬೇಕೆಂದೇ ನೇವಿ, ಮಧ್ಯಮಕ್ಕೆ ಬೇಕೆಂದೇ ಕಪ್ಪು. ಹಳದಿ, ಹಸಿರು ಬೇಕಾದಷ್ಟಿದ್ದವು. ನಾನು ಆರಿಸಿದ್ದು ಇವೆರಡನ್ನೇ. ಕಿಟಕಿಯ ಬೆಳಕಿನಲ್ಲಿ ಅರ್ಧ ಗಂಟೆ ಹುಡುಕಿ, ಇದು ನೇವಿ, ಇದು ಕಪ್ಪು ಎಂದು ಖಾತ್ರಿ ಮಾಡಿಕೊಂಡೆ. ಡಾಕ್ಟರು ಏನು ಬೇಕಾದರೂ ಹೇಳಲಿ, ಈ ಕಣ್ಣು ಇನ್ನೂ ನೇವಿ ಹಿಡಿಯುತ್ತದೆ ಎಂದು ನನಗೆ ನಾನೇ ಸವಾಲು ಹಾಕಿಕೊಂಡಿದ್ದೆ.

ಮಗಳು ವಡೋದರಾದಲ್ಲಿ ಓದುತ್ತಾಳೆ, ಫತೇಗಂಜಿನಲ್ಲಿ ಹಾಸ್ಟೆಲ್ಲು. ಎರಡು ವಾರಕ್ಕೊಮ್ಮೆ ಶನಿವಾರದ ರೈಲಿಗೆ ಬರುತ್ತಾಳೆ. ಬಂದವಳು ಪಿಟೀಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು.

“ಪಪ್ಪಾ, ಯೇ ಕ್ಯಾ ಹೈ? ಕಲರ್ ಕಲರ್ ಪಟ್ಟಿ?”

ನಾನು ಹೆಮ್ಮೆಯಿಂದ ವಿವರಿಸಿದೆ. ಕೆಂಪು ರಿ. ನೇವಿ ಗ. ಕಪ್ಪು ಮ. ಗ ಮತ್ತು ಮ ಪಕ್ಕಪಕ್ಕ ಇರುವುದರಿಂದ ಬಣ್ಣ ನೋಡಿ ಬೆರಳು ಇಟ್ಟರಾಯಿತು.

ಅವಳು ಮತ್ತೆ ನೋಡಿದಳು. “ಲೇಕಿನ್ ಪಪ್ಪಾ, ಇದು ಎರಡೂ ನೇವಿ ಇದೆ ನಾ?”

“ಅಲ್ಲ. ಇದು ಕಪ್ಪು.”

“ನಹೀಂ ಪಪ್ಪಾ, ಎರಡೂ ಸೇಮ್ ಇದೆ. ದೋನೋ ನೇವಿ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನೀನು ಹುಟ್ಟುವ ಮೊದಲಿನಿಂದ ನಾನು ನೇವಿ ಪಾಸ್ ಮಾಡುತ್ತಿದ್ದೇನೆ ಎಂದು ಕೂಗಿದೆ. ಅಡುಗೆಮನೆಯಿಂದ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಪಿಟೀಲನ್ನು ಬಾಲ್ಕನಿಗೆ ಒಯ್ದು ಬಿಸಿಲಿಗೆ ಹಿಡಿದಳು. ಮೊದಲು ಪಟ್ಟಿ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು, ಆಮೇಲೆ ಫ್ರಿಜ್ಜಿನ ಮೇಲಿದ್ದ ಡ್ರಾಪ್ಸ್ ಬಾಟಲಿಯನ್ನು ನೋಡಿದಳು.

“ರೀ, ಎರಡೂ ನೇವಿನೇ ಅದಾವು” ಎಂದಳು. “ಆ ಔಷಧ ಧೂಳಿಗಲ್ಲ, ಹೌದಲ್ರೀ?”

ಸುಳ್ಳಿಗೆ ಇನ್ನು ಜಾಗವಿರಲಿಲ್ಲ. ಕೂತು ಎಲ್ಲ ಹೇಳಿದೆ. ಅಹಮದಾಬಾದಿನ ಡಾಕ್ಟರು, ಒಣಗುತ್ತಿರುವ ನರ, ಬಿಲ್ಲೆಗಳು. ಹೆಂಡತಿ ಅತ್ತಳು, ಐದು ತಿಂಗಳು ಮುಚ್ಚಿಟ್ಟದ್ದಕ್ಕೆ ಬೈದಳು, ಮತ್ತೆ ಅತ್ತಳು. ಆಪರೇಟರ್ ವಿಷಯವನ್ನು ಹೇಳದೆ ಬಿಡಬಹುದಿತ್ತು. ಅದನ್ನೂ ಹೇಳಿದೆ. ಅಲ್ಲಿಯವರೆಗೆ ನನ್ನ ಕೈ ಹಿಡಿದು ಕೂತಿದ್ದ ಮಗಳು ಕೈ ಬಿಟ್ಟಳು.

“ಅವರು ಬ್ಲ್ಯಾಕ್ ಅಂತ ಹೇಳಿದ್ರು ನಾ ಪಪ್ಪಾ? ಫಿರ್ ಭೀ?”

ಹೌದು, ಫಿರ್ ಭೀ, ಆದರೂ. ಕಣ್ಣು ಹೋದದ್ದಕ್ಕೆ ನನ್ನ ಮೇಲೆ ಯಾರೂ ತಪ್ಪು ಹೊರಿಸಲಾರರು. ಇದಕ್ಕೆ ಹೊರಿಸಬಹುದು. ನಾನು ಎದ್ದು ಹೋಗಿ ಹಲಗೆಯ ಮೇಲಿನ ಮೂರೂ ಪಟ್ಟಿಗಳನ್ನು ಉಗುರಿನಿಂದ ಕೆರೆದು ಕಿತ್ತೆ. ಗೋಂದಿನ ಕಲೆ ಉಳಿಯಿತು.

ಮರುದಿನ ಪಾಠದಲ್ಲಿ ಅಮ್ಮ ಆ ಕಲೆ ನೋಡಿ, “ಇದೆಂತ ಮಾರಾಯ್ರೆ, ಪಿಟೀಲಿಗೆ ತೇಪೆ ಅಂಟಿಸಿದ್ದಾ?” ಎಂದರು. ಕತೆಯನ್ನು ಚುಟುಕಾಗಿ ಹೇಳಿದೆ, ಕಣ್ಣಿನದು ಮಾತ್ರ. ಅವರು ಅಯ್ಯೋ ಪಾಪ ಅನ್ನಲಿಲ್ಲ, ಅದಕ್ಕೆ ನಾನು ಇಂದಿಗೂ ಋಣಿ. “ಕಣ್ಣು ಮುಚ್ಚಿ. ಈಗ ಬಾರಿಸಿ” ಎಂದರು. ಬಾರಿಸಿದೆ. ಗಾಂಧಾರದಲ್ಲಿ ಬೆರಳು ಮೇಲೆ ಹೋಯಿತು. ನನಗೇ ಕೇಳಿಸಿತು. ಮುಳ್ಳು ಬೇಕಾಗಲಿಲ್ಲ, ಪಟ್ಟಿ ಬೇಕಾಗಲಿಲ್ಲ. ಬಿಲ್ಲು ಎತ್ತಿದೆ. ತಂತಿ ಸರಿಯಾಗಿತ್ತು, ರಾಳವೂ ಸರಿಯಾಗಿತ್ತು.

“ತಪ್ಪು ನಂದು” ಎಂದೆ.

ಆರು ಮಕ್ಕಳೂ ಹೋ ಎಂದು ಚಪ್ಪಾಳೆ ತಟ್ಟಿದವು. ಅಂಕಲ್ ಬೋಲ್ ದಿಯಾ, ಅಂಕಲ್ ಹೇಳೇಬಿಟ್ಟರು ಎಂದು ಕುಣಿದವು.

ಸೋಮವಾರ ಬೆಳಿಗ್ಗೆ ಲೈಟ್ ಬಾಕ್ಸಿಗೆ ಹೋಗದೆ ನೇರ ಸೇಠ್ ಕೋಣೆಗೆ ಹೋದೆ. ನೇವಿ ಲಾಟನ್ನು ತಪ್ಪು ಪಾಸ್ ಮಾಡಿದ್ದು ನಾನು, ನನ್ನ ಕಣ್ಣಿಗೆ ನೇವಿ ಕಾಣುವುದಿಲ್ಲ, ಆಪರೇಟರ್ ಆಗಲೇ ಹೇಳಿದ್ದ ಎಂದೆ. ಸೇಠ್ ಕೆಟ್ಟವರಲ್ಲ. ಎದ್ದು ಬಾಗಿಲು ಹಾಕಿದರು. “ಮಾಸ್ಟರ್, ಬಾತ್ ಪೂರೀ ಹೋ ಗಯೀ. ಕಾಯ್ಕೋ ಖೋಲ್ತೇ ಹೋ?” ಎಂದರು. ಮುಗಿದ ಮಾತನ್ನು ಯಾಕೆ ಕೆದಕುತ್ತೀರಿ. ಪಾರ್ಟಿ ಸಮಾಧಾನವಾಗಿದ್ದಾನೆ. ಇನ್ನು ಮೇಲೆ ಒಳಗೊಳಗೆ ಕಂಪ್ಯೂಟರ್ ನೋಡಲಿ, ಪಾಸ್ ಎಂದು ನೀವು ಹೇಳಿ. ಹೆಸರು ಉಳಿಯುತ್ತದೆ. ಆ ಆಪರೇಟರ್ ಅಲ್ಲಿ ಒಗ್ಗಿಕೊಂಡಿದ್ದಾನೆ, ಅವನನ್ನು ವಾಪಸು ತಂದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ ಎಂದೂ ಸೇರಿಸಿದರು.

ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಕಣ್ಣು ಕಾಣದಿದ್ದರೂ ಕಣ್ಣಿನ ಜಂಬ ಉಳಿಸಿಕೊಳ್ಳುವ ಅವಕಾಶ ಅದು. ಕೆಳಗೆ ಬಿದ್ದರೂ ಮೀಸೆ ಮಣ್ಣಾಗದಂತೆ ಸೇಠ್ ತಾವೇ ಬಟ್ಟೆ ಹಾಸಿಕೊಡುತ್ತಿದ್ದರು. ಆದರೆ ಆರು ಮಕ್ಕಳ ಚಪ್ಪಾಳೆ ಕಿವಿಯಲ್ಲಿತ್ತು, ಮಗಳು ಕೈ ಬಿಟ್ಟ ಜಾಗ ಇನ್ನೂ ಬಿಸಿಯಾಗಿತ್ತು.

“ಕೇಳಲಿ ಸೇಠ್” ಎಂದೆ. “ಕೇಳಿದವರಿಗೆ ನಾನೇ ಹೇಳುತ್ತೇನೆ. ಅವನು ಇವತ್ತೇ ಜೆಟ್‌ಗೆ ಹೋಗಬೇಕು. ಇಲ್ಲದಿದ್ದರೆ ಪಾರ್ಟಿಗೆ ಫೋನು ಮಾಡಿ ನಾನೇ ಹೇಳುತ್ತೇನೆ.”

ಇಪ್ಪತ್ತಾರು ವರ್ಷದಲ್ಲಿ ಸೇಠ್ ಮುಂದೆ ನಾನು ದನಿಯೆತ್ತಿದ್ದು ಅದೇ ಮೊದಲು. ಮಧ್ಯಾಹ್ನದ ಹೊತ್ತಿಗೆ ಆಪರೇಟರ್ ತನ್ನ ಮಷಿನ್ನಿಗೆ ಹೋದ. ನನ್ನನ್ನು ಲ್ಯಾಬಿನಿಂದ ತೆಗೆದು ಗ್ರೇ ಗೋಡೌನಿನ ಉಸ್ತುವಾರಿಗೆ ಹಾಕಿದರು. ಬರುವ ತಾಕಾಗಳನ್ನು ಎಣಿಸಿ ಬರೆಯುವ ಕೆಲಸ. ಅಲ್ಲಿ ಎಲ್ಲ ಬಟ್ಟೆಯೂ ಬಿಳಿ, ತಪ್ಪಲು ಏನೂ ಇಲ್ಲ. ಹಳೆಯ ಸಹೋದ್ಯೋಗಿಗಳು ಅಯ್ಯೋ ಎಂದು ಬಂದರು. ಮಾಸ್ಟರ್, ನೀವು ಸುಮ್ಮನಿದ್ದಿದ್ದರೆ ಆಗುತ್ತಿತ್ತು ಎಂದರು. ಸುಮ್ಮನಿರಲು ನಾನು ಪಿಟೀಲು ಕಲಿಯುತ್ತಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆಗಬೇಕೆಂದೂ ಇರಲಿಲ್ಲ.

ಇಷ್ಟಾದರೂ ಒಂದು ಬಾಕಿಯಿತ್ತು. ಸೇಠ್‌ಗೆ ಹೇಳಿದ್ದೆ, ಲ್ಯಾಬಿನವರಿಗೆ ಹೇಳಿದ್ದೆ, ಕೇಳದವರಿಗೂ ಹೇಳಿದ್ದೆ. ಅವನಿಗೆ ಮಾತ್ರ ಹೇಳಿರಲಿಲ್ಲ. ಗೋಡೌನಿಗೆ ಬಟ್ಟೆ ಒಯ್ಯಲು ಬರುತ್ತಿದ್ದ, ಚೀಟಿ ಕೊಡುತ್ತಿದ್ದ, ನಾನು ಸಹಿ ಹಾಕುತ್ತಿದ್ದೆ. ಇವತ್ತು ಹೇಳುತ್ತೇನೆ ಎಂದುಕೊಂಡು ಬಾಯಿ ತೆರೆದರೆ ಲಾರಿ ಬಂತೇ ಎಂಬಂಥ ಮಾತು ಬರುತ್ತಿತ್ತು. ಸೇಠ್ ಮುಂದೆ ಹುಲಿಯಾದವನು ಇವನ ಮುಂದೆ ಇಲಿ. ಒಂದು ತಿಂಗಳು ಹೀಗೇ ಹೋಯಿತು. ಕೊನೆಗೊಂದು ಶುಕ್ರವಾರ ಚೀಟಿಗೆ ಸಹಿ ಹಾಕುತ್ತ, ಭಾನುವಾರ ಮನೆಗೆ ಚಹಾಕ್ಕೆ ಬರುತ್ತೀಯಾ ಎಂದೆ. ಅವನು ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ನೋಡೋಣ ಎಂದ.

ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಹೆಂಡತಿ ಚಹಾ ಕೊಟ್ಟಳು, ಅವನ ಹೆಂಡತಿ ಮಕ್ಕಳ ವಿಚಾರ ಕೇಳಿದಳು, ಒಳಗೆ ಹೋದಳು. ನಾವಿಬ್ಬರೂ ಉಳಿದೆವು. ಹವೆ, ಟ್ರಾಫಿಕ್ಕು, ಮಿಲ್ಲಿನ ರಜೆ, ಎಲ್ಲ ಮುಗಿಯಿತು. ಅವನ ಕಣ್ಣು ಮೂಲೆಯಲ್ಲಿದ್ದ ಪಿಟೀಲಿನ ಮೇಲೆ ಹೋಯಿತು.

“ಮಾಸ್ಟರ್‌ಜೀ ಇದನ್ನು ಬಾರಿಸುತ್ತಾರೆ ಅಂತ ಎಲ್ಲ ಹೇಳ್ತಾರೆ” ಎಂದ ಹಿಂದಿಯಲ್ಲಿ. “ಸುನಾಯಿಯೇ.” ಕೇಳಿಸಿ ಅಂತ.

ನೆಲದ ಮೇಲೆ ಕುಳಿತು ಪಿಟೀಲನ್ನು ಹರಡಿನ ಮೇಲಿಟ್ಟೆ. ಎರಡೂ ಕಿಟಕಿ ತೆರೆದೇ ಇದ್ದವು. ಕಣ್ಣು ಮುಚ್ಚಿದೆ. ಸ. ರಿ. ಗಾಂಧಾರ ಮೇಲೆ ಹಾರಿತು. ಮೆಲ್ಲಗೆ ಜಾರಿಸಿ ಮಧ್ಯಮಕ್ಕೆ ಹೋಗಿಬಿಡಬಹುದಿತ್ತು, ಅವನಿಗೆ ಏನು ಗೊತ್ತಾಗುತ್ತಿತ್ತು. ಬಿಲ್ಲು ಎತ್ತಿದೆ. ಕಣ್ಣು ತೆರೆದು ಅವನ ಮುಖವನ್ನೇ ನೋಡಿದೆ.

“ತಪ್ಪು ನಂದು” ಎಂದೆ.

ಅವನು ಹಾಗೆಂದರೇನು ಎಂದು ಕೇಳಿದ.

“ಗಲ್ತೀ ಮೇರೀ ಥೀ” ಎಂದೆ. ದನಿ ಒಡೆಯಿತು, ಒಡೆದರೆ ಒಡೆಯಲಿ ಎಂದು ಇನ್ನೊಮ್ಮೆ ಹೇಳಿದೆ. “ಆ ದಿನ ನೀನು ಕಪ್ಪು ಅಂದೆ. ಅದು ಕಪ್ಪೇ ಆಗಿತ್ತು. ತಪ್ಪು ನನ್ನದು.”

ಅವನು ಪರವಾಗಿಲ್ಲ ಅನ್ನಲಿಲ್ಲ, ಬಿಡಿ ಮಾಸ್ಟರ್‌ಜೀ ಅನ್ನಲಿಲ್ಲ. ಉಳಿದಿದ್ದ ಚಹಾ ಕುಡಿದು ಲೋಟವನ್ನು ನೆಲದ ಮೇಲಿಟ್ಟ. ಆಮೇಲೆ ಕುರ್ಚಿ ಬಿಟ್ಟು ನನ್ನೆದುರು ನೆಲಕ್ಕೆ ಬಂದು ಕಾಲು ಮಡಚಿ ಕುಳಿತ.

“ಫಿರ್ ಸೇ ಬಜಾಯಿಯೇ” ಎಂದ.

ಮತ್ತೆ ಸ ದಿಂದ ಶುರುಮಾಡಿದೆ.